ಅನಿವಾರ್ಯವೆಲ್ಲ ‘ಇನೆವಿಟಬಲ್’ ಅಲ್ಲ

‘ಇನೆವಿಟಬಲ್’ ಎಂದರೇನು ಎಂದು ಕೇಳಿದರೆ ಇಂಗ್ಲಿಷ್ ಕಲಿತವರಲ್ಲಿ ಬಹುತೇಕರು ‘ಅನಿವಾರ್ಯ’ ಎಂದು ಥಟ್ಟನೆ ಹೇಳಿಬಿಡುತ್ತಾರೆ. ನಿಘಂಟು ಹೇಳುವುದೂ ಅದನ್ನೇ. ಉತ್ತರವೇನೋ ತಪ್ಪಲ್ಲ. ಆದರೆ ಕನ್ನಡದವರು ಇಂಗ್ಲಿಷ್ ಬರೆಯುವಾಗ ಈ ಪದದ ಹತ್ತಿರ ಎಡವುವುದಿದ್ದರೆ ಅದಕ್ಕೆ ಬಹುಪಾಲು ಕಾರಣವೂ ಅದೇ ಉತ್ತರ. ಕನ್ನಡದ ‘ಅನಿವಾರ್ಯ’ ಹತ್ತಾರು ಕಡೆ ದುಡಿಯುವ ಪದ. ಇಂಗ್ಲಿಷಿನ ‘ಇನೆವಿಟಬಲ್’ ಅದರಲ್ಲಿ ಒಂದೇ ಒಂದು ಕೆಲಸವನ್ನು ಹಿಡಿದುಕೊಂಡಿದೆ.

ಈ ನಾಲ್ಕು ವಾಕ್ಯಗಳನ್ನು ನೋಡಿ. ‘ಹುಟ್ಟಿದವರಿಗೆ ಸಾವು ಅನಿವಾರ್ಯ.’ ‘ಬದುಕಲು ನೀರು ಅನಿವಾರ್ಯ.’ ‘ಅನಿವಾರ್ಯವಾಗಿ ರಾಜೀನಾಮೆ ಕೊಟ್ಟೆ.’ ‘ಅನಿವಾರ್ಯ ಕಾರಣಗಳಿಂದ ಸಭೆಯನ್ನು ಮುಂದೂಡಲಾಗಿದೆ.’ ಕನ್ನಡದ ಕಿವಿಗೆ ನಾಲ್ಕೂ ಸರಿ, ನಾಲ್ಕರಲ್ಲೂ ಪದ ಒಂದೇ. ಇಂಗ್ಲಿಷಿಗೆ ಹೋದರೆ ‘ಇನೆವಿಟಬಲ್’ ಕೂರುವುದು ಮೊದಲನೆಯದರಲ್ಲಿ ಮಾತ್ರ.

ಎರಡನೆಯದನ್ನು ‘ವಾಟರ್ ಈಸ್ ಇನೆವಿಟಬಲ್ ಫಾರ್ ಲೈಫ್’ ಎಂದು ಬರೆದವರ ಮನಸ್ಸಿನಲ್ಲಿ ಇದ್ದದ್ದು ‘ನೀರಿಲ್ಲದೆ ಬದುಕಿಲ್ಲ’ ಎಂಬುದು. ಇಂಗ್ಲಿಷ್ ಓದುಗನಿಗೆ ಕೇಳಿಸುವುದು ‘ನೀರು ಬಂದೇ ಬರುತ್ತದೆ, ಯಾರೂ ತಡೆಯಲಾರರು’ ಎಂಬಂತೆ. ಪ್ರವಾಹದ ಮುನ್ಸೂಚನೆಯ ಹಾಗೆ. ಅಲ್ಲಿ ಬೇಕಿದ್ದ ಪದ ‘ಎಸೆನ್ಶಿಯಲ್’. ಇನ್ನೂ ಒತ್ತಿ ಹೇಳಬೇಕೆಂದರೆ ‘ಇಂಡಿಸ್ಪೆನ್ಸಬಲ್’. ಮೂರನೆಯ ವಾಕ್ಯದಲ್ಲಿರುವುದು ಒಲ್ಲದ ಮನಸ್ಸು: ಬೇರೆ ದಾರಿಯಿರಲಿಲ್ಲ, ಕೊಟ್ಟೆ. ಇದನ್ನು ‘ಐ ಹ್ಯಾಡ್ ನೋ ಚಾಯ್ಸ್ ಬಟ್ ಟು ರಿಸೈನ್’ ಎನ್ನಬೇಕು. ‘ಐ ಇನೆವಿಟಬ್ಲಿ ರಿಸೈನ್ಡ್’ ಎಂದರೆ ವ್ಯಾಕರಣ ತಪ್ಪಲಿಲ್ಲ, ಅರ್ಥ ತಪ್ಪಿತು. ‘ಎಲ್ಲರೂ ಎಣಿಸಿದ್ದಂತೆಯೇ ನಾನು ರಾಜೀನಾಮೆ ಕೊಟ್ಟೆ’ ಎಂಬ ಧ್ವನಿ ಬಂತು, ಮನಸ್ಸಿನ ಸಂಕಟ ಮಾಯವಾಯಿತು. ನಾಲ್ಕನೆಯದಕ್ಕೆ ಇಂಗ್ಲಿಷಿನಲ್ಲಿ ಸಿದ್ಧ ರೂಪವೇ ಇದೆ: ‘ಡ್ಯೂ ಟು ಅನ್‌ಅವಾಯ್ಡಬಲ್ ಸರ್ಕಮ್‌ಸ್ಟನ್ಸಸ್’. ‘ಡ್ಯೂ ಟು ಇನೆವಿಟಬಲ್ ರೀಸನ್ಸ್’ ಎಂಬುದು ರಜೆಯ ಅರ್ಜಿಗಳಲ್ಲಿ, ಕಚೇರಿ ಮೇಲ್‌ಗಳಲ್ಲಿ ಧಾರಾಳವಾಗಿ ಕಾಣಸಿಗುತ್ತದೆ. ಅದು ಕನ್ನಡದ ಅಂಗಿ ತೊಟ್ಟ ಇಂಗ್ಲಿಷ್.

ಹಾಗಾದರೆ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು? ವ್ಯಾಕರಣದ ನಿಯಮ ಹುಡುಕುವ ಮೊದಲು ಕನ್ನಡದಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ‘ಅನಿವಾರ್ಯ’ವನ್ನು ತೆಗೆದು ಆ ಜಾಗದಲ್ಲಿ ‘ಆಗದೇ ಇರದು’ ಅಥವಾ ‘ತಪ್ಪಿದ್ದಲ್ಲ’ ಎಂದು ಹಾಕಿ ನೋಡಿ. ವಾಕ್ಯ ನಿಂತರೆ ‘ಇನೆವಿಟಬಲ್’. ‘ಇಲ್ಲದೆ ಆಗದು’ ಎಂಬುದು ಹೊಂದಿದರೆ ‘ಎಸೆನ್ಶಿಯಲ್’ ಅಥವಾ ‘ಇಂಡಿಸ್ಪೆನ್ಸಬಲ್’. ‘ಬೇರೆ ದಾರಿಯಿಲ್ಲ’ ಎಂಬುದು ಹೊಂದಿದರೆ ‘ನೋ ಚಾಯ್ಸ್’ ಅಥವಾ ‘ಹ್ಯಾಡ್ ಟು’. ಸಾವು ತಪ್ಪಿದ್ದಲ್ಲ, ನೀರಿಲ್ಲದೆ ಆಗದು, ರಾಜೀನಾಮೆಗೆ ಬೇರೆ ದಾರಿಯಿರಲಿಲ್ಲ. ಬಾಯಿಗೆ ಮೊದಲು ಬರುವ ಈ ಕನ್ನಡವೇ ಯಾವ ಇಂಗ್ಲಿಷ್ ಪದ ಬೇಕೆಂದು ಹೇಳಿಬಿಡುತ್ತದೆ.

ಎರಡೂ ಪದಗಳ ಹುಟ್ಟು ಮಾತ್ರ ಒಂದೇ ತೆರನದು. ಲ್ಯಾಟಿನ್ನಿನ ‘ಎವಿಟಾರೆ’ ಎಂದರೆ ತಪ್ಪಿಸಿಕೊಳ್ಳುವುದು. ಅದಕ್ಕೆ ‘ಆಗಬಹುದಾದ’ ಎಂಬ ಬಾಲ, ‘ಇಲ್ಲ’ ಎನ್ನುವ ‘ಇನ್’ ಸೇರಿ ‘ತಪ್ಪಿಸಿಕೊಳ್ಳಲಾಗದ’ ಎಂದಾಯಿತು. ಇಂಗ್ಲಿಷಿಗೆ ಬಂದದ್ದು 15ನೇ ಶತಮಾನದಲ್ಲಿ. ನಿವಾರಿಸಲಾಗದ್ದು ಅನಿವಾರ್ಯ ಎಂಬ ನಮ್ಮ ಪದದ ಕಟ್ಟಡವೂ ಹೆಚ್ಚುಕಡಿಮೆ ಹೀಗೆಯೇ. ಒಂದೇ ರೀತಿ ಹುಟ್ಟಿದವು, ಬೆಳೆದದ್ದು ಬೇರೆ ಬೇರೆ. ‘ಇನ್’ ಕಳೆದರೆ ಉಳಿಯುವ ‘ಎವಿಟಬಲ್’ ಎಂಬ ಪದವೂ ನಿಘಂಟಿನಲ್ಲಿದೆ. ಆದರೆ ಅದನ್ನು ಬಳಸಿದರೆ ಓದುವವರು ಮುದ್ರಣದೋಷ ಎಂದುಕೊಂಡಾರು. ವಿರುದ್ಧಾರ್ಥಕ್ಕೆ ‘ಅವಾಯ್ಡಬಲ್’ ಎಂದರೆ ಸಾಕು.

ಉಚ್ಚಾರದ ಬಗ್ಗೆಯೂ ಇಲ್ಲೇ ಒಂದು ಮಾತು. ಒತ್ತು ಬೀಳುವುದು ಎರಡನೆಯ ಉಚ್ಚಾರಾಂಶ ‘ನೆ’ ಮೇಲೆ. ಅಲ್ಲಿಂದ ಮುಂದೆ ಎಲ್ಲ ಹಗುರ: ಇ-ನೆ-ವಿ-ಟ-ಬಲ್. ಕನ್ನಡ ಲಿಪಿಯಲ್ಲಿ ‘ಇನೆವಿಟೇಬಲ್’ ಎಂದು ದೀರ್ಘ ಹಾಕಿ ಬರೆಯುವ ರೂಢಿಯಿಂದಾಗಿ ಕೊನೆಯಲ್ಲಿ ಮೇಜು ಬಂದು ಕೂತಿದೆ. ಬರೆಯುವ ಅಕ್ಷರಗಳಲ್ಲಿ ‘ಟಿ, ಎ, ಬಿ, ಎಲ್, ಇ’ ಇರುವುದು ನಿಜ, ಹೇಳುವಾಗ ಅದು ಟೇಬಲ್ ಅಲ್ಲ.

ಯಾವಾಗಿನಿಂದ ಅನಿವಾರ್ಯ?

‘ಇನೆವಿಟಬಲ್’ ಎಂದು ಬರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಯಾವ ಸಂಗತಿ, ಯಾವ ಗಳಿಗೆಯಿಂದ? ಅರ್ಥ ಗೊತ್ತಿದ್ದೂ ಪದ ಸಡಿಲವಾಗಿ ಬೀಳುವುದು ಈ ಪ್ರಶ್ನೆಯನ್ನು ಬಿಟ್ಟಾಗ. ಇದಕ್ಕೆ ಟೈಟಾನಿಕ್ ಹಡಗಿನ ಕೊನೆಯ ರಾತ್ರಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಂಡಿಲ್ಲ.

1912ರ ಏಪ್ರಿಲ್ 14. ಹಿಮಗಡ್ಡೆಗಳಿವೆ ಎಂಬ ಎಚ್ಚರಿಕೆ ಬೇರೆ ಹಡಗುಗಳಿಂದ ಹಗಲಿನಿಂದಲೇ ಬರುತ್ತಿತ್ತು. ಹಡಗು ವೇಗ ಇಳಿಸಲಿಲ್ಲ. ರಾತ್ರಿ 11.40ಕ್ಕೆ ಡಿಕ್ಕಿಯಾಯಿತು. ಹಡಗಿನ ತಳದಲ್ಲಿ ನೀರು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗದಂತೆ ಅಡ್ಡಗೋಡೆಗಳಿಂದ ಬೇರ್ಪಡಿಸಿದ 16 ವಿಭಾಗಗಳಿದ್ದವು. ಮುಂಭಾಗದ ಮೊದಲ ನಾಲ್ಕು ತುಂಬಿದರೂ ತೇಲುವಂತೆ ಹಡಗನ್ನು ಕಟ್ಟಲಾಗಿತ್ತು. ಆ ರಾತ್ರಿ ನೀರು ನುಗ್ಗಿದ್ದು ಐದಕ್ಕೂ ಹೆಚ್ಚು ವಿಭಾಗಗಳಿಗೆ. ಅಡ್ಡಗೋಡೆಗಳು ಮೇಲಿನ ಅಂತಸ್ತುಗಳವರೆಗೆ ಏರಿರಲಿಲ್ಲ. ಮೂತಿ ಬಗ್ಗಿದಂತೆ ಮುಂದಿನ ವಿಭಾಗದ ನೀರು ಗೋಡೆಯ ನೆತ್ತಿ ದಾಟಿ ಹಿಂದಿನದಕ್ಕೆ, ಅಲ್ಲಿಂದ ಅದರ ಹಿಂದಿನದಕ್ಕೆ ಸುರಿಯುತ್ತ ಹೋಗುತ್ತದೆ. ಹಡಗಿನ ವಿನ್ಯಾಸಗಾರ ಥಾಮಸ್ ಆಂಡ್ರೂಸ್ ಹಡಗಿನಲ್ಲೇ ಇದ್ದರು. ಕೆಳಗಿಳಿದು ನೋಡಿ ಬಂದ ಅವರಿಗೆ ಲೆಕ್ಕ ಹಾಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ; ಹಡಗು ಉಳಿಯುವುದಿಲ್ಲ ಎಂದು ಕ್ಯಾಪ್ಟನ್ನರಿಗೆ ಹೇಳಿದರು.

ಈಗ ಪದವನ್ನು ಎಲ್ಲಿಡುತ್ತೀರಿ? ಡಿಕ್ಕಿ ಇನೆವಿಟಬಲ್ ಆಗಿತ್ತೇ? ಸಂಜೆ ಹೊತ್ತಿಗೆ ಖಂಡಿತ ಅಲ್ಲ; ವೇಗ ಇಳಿಸಬಹುದಿತ್ತು, ದಾರಿ ಬದಲಿಸಬಹುದಿತ್ತು. ಹಡಗು ಮುಳುಗುವುದು? ನೀರು ಐದನೆಯ ವಿಭಾಗಕ್ಕೆ ನುಗ್ಗಿದ ಗಳಿಗೆಯಿಂದ ಹೌದು. ‘ವನ್ಸ್ ದ ಫಿಫ್ತ್ ಕಂಪಾರ್ಟ್‌ಮೆಂಟ್ ವಾಸ್ ಫ್ಲಡಿಂಗ್, ದ ಸಿಂಕಿಂಗ್ ವಾಸ್ ಇನೆವಿಟಬಲ್’ ಎಂಬ ವಾಕ್ಯದಲ್ಲಿ ‘ವನ್ಸ್’ ಎಷ್ಟು ದೊಡ್ಡ ಕೆಲಸ ಮಾಡುತ್ತಿದೆ ನೋಡಿ. ಎಲ್ಲಿಂದ ಮುಂದೆ ದಾರಿ ಮುಚ್ಚಿತು ಎಂದು ಅದು ಗೆರೆ ಎಳೆಯುತ್ತದೆ. ಒಳ್ಳೆಯ ಇಂಗ್ಲಿಷ್ ಬರವಣಿಗೆಯಲ್ಲಿ ‘ಇನೆವಿಟಬಲ್’ ಜೊತೆಗೆ ‘ವನ್ಸ್’, ‘ಗಿವನ್’, ‘ಆಫ್ಟರ್’, ‘ಮೇಡ್’ ಇಂಥ ಒಂದು ಪದ ಆಗಾಗ ಕಾಣಿಸಿಕೊಳ್ಳುವುದು ಇದಕ್ಕೇ. ‘ದ ಡ್ಯಾಮೇಜ್ ಮೇಡ್ ದ ಸಿಂಕಿಂಗ್ ಇನೆವಿಟಬಲ್’ ಎಂದರೂ ಅದೇ ಅರ್ಥ. ಇಲ್ಲಿ ಕಾರಣ ಮುಂದೆ ಬಂದು ನಿಂತಿದೆ.

ಜನರ ಸಾವು? ಇಲ್ಲಿಯೇ ಪದ ಕೈಕೊಡುವುದು. ಹಡಗಿನಲ್ಲಿ ಸುಮಾರು 2,200 ಜನರಿದ್ದರು. 20 ಜೀವರಕ್ಷಕ ದೋಣಿಗಳಲ್ಲಿ ಹಿಡಿಸುತ್ತಿದ್ದದ್ದು 1,178 ಮಂದಿ. ಅಂದಿನ ಬ್ರಿಟಿಷ್ ನಿಯಮ ಕೇಳುತ್ತಿದ್ದದ್ದಕ್ಕಿಂತ ಅದೇ ಹೆಚ್ಚು. ನಿಯಮದ ಪಟ್ಟಿ 10,000 ಟನ್ ಮತ್ತು ಅದಕ್ಕೆ ಮೇಲ್ಪಟ್ಟ ಹಡಗುಗಳು ಎಂಬಲ್ಲಿಗೆ ನಿಂತುಬಿಟ್ಟಿತ್ತು, ಟೈಟಾನಿಕ್ 46,000 ಟನ್ನಿನದು. ಹಡಗು ಪೂರ್ತಿ ಮುಳುಗಲು ಡಿಕ್ಕಿಯಾದಾಗಿನಿಂದ 2 ಗಂಟೆ 40 ನಿಮಿಷ ಹಿಡಿಯಿತು. ಆ ಹೊತ್ತಿನಲ್ಲಿ ಮೊದಲಿಗೆ ಇಳಿಸಿದ ದೋಣಿಗಳು ಅರ್ಧವೂ ತುಂಬದೆ ಹೋದವು. ಸುಮಾರು 1,500 ಜನ ಸತ್ತರು. ಈ ಸಾವುಗಳ ಬಗ್ಗೆ ಬರೆಯುವವರು ‘ದ ಡೆತ್ಸ್ ವರ್ ಬೈ ನೋ ಮೀನ್ಸ್ ಇನೆವಿಟಬಲ್’ ಎನ್ನಬೇಕಾಗುತ್ತದೆ. ಹಡಗಿನ ಮುಳುಗಡೆಗೂ ಜನರ ಸಾವಿಗೂ ಒಂದೇ ಪದ ಹೊದಿಸಿದರೆ ದೋಣಿ ಸಾಕಷ್ಟು ಇಡದವರು, ನಿಯಮ ತಿದ್ದದವರು ಎಲ್ಲರೂ ಆ ಪದದ ಮರೆಯಲ್ಲಿ ನುಸುಳಿಹೋಗುತ್ತಾರೆ.

‘ಬೈ ನೋ ಮೀನ್ಸ್ ಇನೆವಿಟಬಲ್’, ‘ಫಾರ್ ಫ್ರಮ್ ಇನೆವಿಟಬಲ್’, ‘ದೇರ್ ವಾಸ್ ನಥಿಂಗ್ ಇನೆವಿಟಬಲ್ ಅಬೌಟ್ ಇಟ್’: ಈ ಮೂರನ್ನು ಕಲಿತುಕೊಂಡರೆ ಲಾಭವಿದೆ. ಇತಿಹಾಸ, ಅರ್ಥಶಾಸ್ತ್ರ, ಅಪಘಾತಗಳ ವರದಿ, ಎಲ್ಲೆಡೆ ಈ ಪದವನ್ನು ಅಲ್ಲಗಳೆಯುತ್ತಲೇ ಬಳಸುವ ಸಂದರ್ಭಗಳು ಬೇಕಾದಷ್ಟು ಬರುತ್ತವೆ.

ವಾಕ್ಯದಲ್ಲಿ ಕೂರಿಸುವ ಬಗೆ

ಕನ್ನಡದಲ್ಲಿ ‘ಅವನಿಗೆ ಸೋಲು ಅನಿವಾರ್ಯ’ ಎನ್ನುತ್ತೇವೆ. ಆ ‘ಗೆ’ ಪ್ರತ್ಯಯ ಇಂಗ್ಲಿಷಿಗೆ ಹೋಗುವಾಗ ಕಾಟ ಕೊಡುತ್ತದೆ. ಕೆಲವರು ‘ಫೇಲ್ಯರ್ ಈಸ್ ಇನೆವಿಟಬಲ್ ಟು ಹಿಮ್’ ಎಂದು ಬರೆಯುತ್ತಾರೆ, ಇನ್ನು ಕೆಲವರು ‘ಹಿ ಈಸ್ ಇನೆವಿಟಬಲ್ ಟು ಫೇಲ್’ ಎಂದು. ಎರಡೂ ನಿಲ್ಲುವುದಿಲ್ಲ. ಇನೆವಿಟಬಲ್ ಎಂಬುದು ಘಟನೆಯ ಗುಣ, ಮನುಷ್ಯನದಲ್ಲ. ಸೋಲು ಇನೆವಿಟಬಲ್ ಆಗಬಹುದು, ಸೋಲುವವನು ಆಗಲಾರ. ಹಾಗಾಗಿ ‘ಹಿಸ್ ಫೇಲ್ಯರ್ ಈಸ್ ಇನೆವಿಟಬಲ್’ ಎನ್ನಿ, ಇಲ್ಲವೇ ‘ಇಟ್ ಈಸ್ ಇನೆವಿಟಬಲ್ ದಟ್ ಹಿ ವಿಲ್ ಫೇಲ್’ ಎನ್ನಿ. ಮನುಷ್ಯನನ್ನೇ ಕರ್ತೃವಾಗಿ ಇಟ್ಟುಕೊಳ್ಳಬೇಕಿದ್ದರೆ ‘ಹಿ ಈಸ್ ಬೌಂಡ್ ಟು ಫೇಲ್’ ಇದೆ. ಮಾತಿನಲ್ಲಿ ಇದೇ ಹೆಚ್ಚು ಸಹಜ. ನಾಲ್ಕು ಜನ ಕೂತು ಹರಟುವಾಗ ‘ಇನೆವಿಟಬಲ್’ ಸ್ವಲ್ಪ ಕೋಟು ಹಾಕಿಕೊಂಡು ಬಂದಂತೆ ಕೇಳುತ್ತದೆ.

‘ಇಟ್ ಈಸ್ ಇನೆವಿಟಬಲ್’ ಆದಮೇಲೆ ‘ಟು’ ಬರಬಾರದು, ‘ದಟ್’ ಬರಬೇಕು. ‘ಇಟ್ ಈಸ್ ಇನೆವಿಟಬಲ್ ಟು ಮೇಕ್ ಮಿಸ್ಟೇಕ್ಸ್’ ಎಂದು ಬರೆದದ್ದು ಕಂಡರೆ ‘ಮಿಸ್ಟೇಕ್ಸ್ ಆರ್ ಇನೆವಿಟಬಲ್’ ಎಂದು ತಿದ್ದಿ. ಚಿಕ್ಕದೂ ಆಯಿತು, ಸರಿಯೂ ಆಯಿತು.

ಕ್ರಿಯಾವಿಶೇಷಣ ‘ಇನೆವಿಟಬ್ಲಿ’ ಕೂರುವ ಜಾಗ ಬದಲಾದರೆ ಅರ್ಥವೂ ಅಲುಗುತ್ತದೆ. ವಾಕ್ಯದ ಮೊದಲಲ್ಲಿಟ್ಟು ಅಲ್ಪವಿರಾಮ ಹಾಕಿದರೆ ಅದು ಹೇಳುವವನ ಉದ್ಗಾರ. ‘ಇನೆವಿಟಬ್ಲಿ, ದೇರ್ ವರ್ ಡಿಲೇಸ್’ ಎಂದರೆ ‘ತಡವಾಯಿತು, ಆಗದೇ ಇರುತ್ತದೆಯೇ!’ ಎಂದಂತೆ, ಸ್ವಲ್ಪ ನಿಟ್ಟುಸಿರು, ಸ್ವಲ್ಪ ವ್ಯಂಗ್ಯ. ಕ್ರಿಯಾಪದದ ಪಕ್ಕದಲ್ಲಿಟ್ಟರೆ ಅದು ಕಾರ್ಯಕಾರಣದ ಮಾತು. ಇನ್ನು ‘ನಾಟ್’ ಜೊತೆ ಸೇರಿದಾಗ ಹುಷಾರಾಗಿರಬೇಕು. ‘ಪಾವರ್ಟಿ ಡಸ್ ನಾಟ್ ಇನೆವಿಟಬ್ಲಿ ಲೀಡ್ ಟು ಕ್ರೈಮ್’ ಎಂದರೆ ಬಡತನ ಅಪರಾಧಕ್ಕೆ ಎಳೆದೇ ಎಳೆಯುತ್ತದೆ ಎಂದೇನಿಲ್ಲ, ಕೆಲವೊಮ್ಮೆ ಎಳೆಯಬಹುದು, ಕೆಲವೊಮ್ಮೆ ಇಲ್ಲ. ಅದೇ ‘ಇನೆವಿಟಬ್ಲಿ’ಯನ್ನು ‘ಡಸ್ ನಾಟ್’ ಮೊದಲು ತಂದಿಟ್ಟರೆ ‘ಎಂದೆಂದಿಗೂ ಎಳೆಯುವುದಿಲ್ಲ’ ಎಂದಾಗುತ್ತದೆ.

‘ವೆರಿ ಇನೆವಿಟಬಲ್’ ಎಂಬುದಿಲ್ಲ. ತಪ್ಪಿಸಲು ಆಗುತ್ತದೆ ಅಥವಾ ಆಗುವುದಿಲ್ಲ, ನಡುವೆ ಮೆಟ್ಟಿಲುಗಳಿಲ್ಲ. ‘ಮೋರ್ ಇನೆವಿಟಬಲ್’ ಕೂಡ ಅಷ್ಟೇ. ಅಂಚಿನ ಹತ್ತಿರ ಬಂದದ್ದನ್ನು ಹೇಳಲು ‘ಆಲ್ಮೋಸ್ಟ್’, ‘ವರ್ಚುವಲಿ’, ‘ಆಲ್ ಬಟ್’ ಇವೆ. ಕೊನೆಯದರಲ್ಲಿ ಒಂದು ಹೊಂಡವಿದೆ. ‘ಆಲ್ ಬಟ್ ಇನೆವಿಟಬಲ್’ ಎಂಬುದನ್ನು ಪದ ಪದ ಬಿಡಿಸಿ ‘ಬೇರೆಲ್ಲ ಆಗಬಹುದು, ಅನಿವಾರ್ಯ ಮಾತ್ರ ಅಲ್ಲ’ ಎಂದು ಓದಿಕೊಳ್ಳುವವರಿದ್ದಾರೆ. ಅರ್ಥ ಅದಕ್ಕೆ ತದ್ವಿರುದ್ಧ: ಹೆಚ್ಚುಕಡಿಮೆ ಅನಿವಾರ್ಯವೇ, ಕೂದಲೆಳೆಯಷ್ಟು ಬಾಕಿ. ಪತ್ರಿಕೆಗಳಲ್ಲಿ ‘ಇನ್‌ಕ್ರೀಸಿಂಗ್ಲಿ ಇನೆವಿಟಬಲ್’ ಎಂದು ಬರುವುದನ್ನು ಕಂಡು ಮೂಗು ಮುರಿಯುವ ವ್ಯಾಕರಣ ಪಂಡಿತರಿದ್ದಾರೆ. ‘ಲುಕ್ಸ್’ ಅಥವಾ ‘ಸೀಮ್ಸ್’ ಜೊತೆಗಿದ್ದರೆ ನನಗೇನೂ ತಕರಾರಿಲ್ಲ. ಅನಿವಾರ್ಯತೆಗೆ ಮೆಟ್ಟಿಲಿಲ್ಲದಿರಬಹುದು, ನಮಗೆ ಹಾಗೆ ಕಾಣುವುದಕ್ಕೆ ಇದೆಯಲ್ಲ.

ನೆರೆಹೊರೆಯ ಪದಗಳು

‘ಅನ್‌ಅವಾಯ್ಡಬಲ್’ ಮತ್ತು ‘ಇನೆವಿಟಬಲ್’ ಒಂದೇ ಎಂದು ನಿಘಂಟು ಹೇಳಿದರೂ ನೋಟ ಬೇರೆ. ‘ಅನ್‌ಅವಾಯ್ಡಬಲ್’ ತಪ್ಪಿಸಲು ಹೊರಟವನ ಕಡೆಯಿಂದ ನೋಡುತ್ತದೆ: ಪ್ರಯತ್ನಪಟ್ಟೆ, ಆಗಲಿಲ್ಲ. ಕ್ಷಮೆ ಕೇಳುವ ಪತ್ರಕ್ಕೆ ಅದೇ ಸರಿ. ‘ಇನೆವಿಟಬಲ್’ ಘಟನೆಗಳ ಓಟದ ಕಡೆಯಿಂದ ನೋಡುತ್ತದೆ: ಇದು ಹೀಗೇ ಬಂದು ನಿಲ್ಲುವಂಥದ್ದು. ಆದ್ದರಿಂದ ‘ವಿ ರಿಗ್ರೆಟ್ ದ ಅನ್‌ಅವಾಯ್ಡಬಲ್ ಡಿಲೇ’ ಎಂದರೆ ವಿನಯ. ಅಲ್ಲಿಯೇ ‘ದ ಇನೆವಿಟಬಲ್ ಡಿಲೇ’ ಎಂದು ಬರೆದರೆ ‘ನಮ್ಮಲ್ಲಿ ತಡವಾಗದೆ ಯಾವ ಕೆಲಸವೂ ಆಗುವುದಿಲ್ಲ’ ಎಂದು ಕಂಪನಿಯೇ ಒಪ್ಪಿಕೊಂಡಂತೆ ಕೇಳುತ್ತದೆ.

‘ಇಮಿನೆಂಟ್’ ಕಾಲದ ಪದ, ಇನ್ನೇನು ಆಗಲಿದೆ ಎಂಬುದಕ್ಕೆ. ಇವೆರಡನ್ನು ಕಲಸುವವರು ಟೈಟಾನಿಕ್ಕನ್ನೇ ನೆನೆದುಕೊಳ್ಳಬಹುದು. ಮಧ್ಯರಾತ್ರಿಯ ಹೊತ್ತಿಗೆ ಮುಳುಗುವುದು ಇನೆವಿಟಬಲ್ ಆಗಿತ್ತು, ಇಮಿನೆಂಟ್ ಆಗಿರಲಿಲ್ಲ. ಬೆಳಗಿನ ಜಾವ 2 ಗಂಟೆ ದಾಟಿದಾಗ ಎರಡೂ ಆಗಿತ್ತು. ತಪ್ಪಿಸಬಹುದಾದ್ದೂ ಇಮಿನೆಂಟ್ ಆಗಬಹುದು, ನೂರಾರು ವರ್ಷ ಆಚೆಗಿರುವುದೂ ಇನೆವಿಟಬಲ್ ಆಗಬಹುದು.

‘ಇನೆಕ್ಸೊರಬಲ್’ ನನಗೆ ಇಷ್ಟದ ಪದ. ಅದರೊಳಗೆ ಲ್ಯಾಟಿನ್ನಿನ ಬೇಡಿಕೊಳ್ಳುವ ಕ್ರಿಯೆ ಅಡಗಿದೆ. ಎಷ್ಟು ಬೇಡಿಕೊಂಡರೂ ಕರಗದ್ದು ಇನೆಕ್ಸೊರಬಲ್. ಇನೆವಿಟಬಲ್ ತಲುಪುವ ಜಾಗವನ್ನು ಹೇಳಿದರೆ ಇದು ನಡಿಗೆಯನ್ನು ಹೇಳುತ್ತದೆ. ಸಮುದ್ರಮಟ್ಟದ ಏರಿಕೆ, ವಯಸ್ಸು ಇಂಥ ನಿಲ್ಲದೆ ಸಾಗುವವಕ್ಕೆ ಹೊಂದುತ್ತದೆ. ‘ಇನಿಲಕ್ಟಬಲ್’ ಎಂಬುದೊಂದು ಇದೆ, ಹೆಣಗಾಡಿದರೂ ಬಿಡಿಸಿಕೊಳ್ಳಲಾಗದ್ದು. ಓದುವಾಗ ಗುರುತು ಹಿಡಿದರೆ ಸಾಕು, ಬರೆಯುವ ಅಗತ್ಯ ಬೀಳುವುದು ಅಪರೂಪ.

‘ಸರ್ಟನ್’ ಜೊತೆಗಿನ ವ್ಯತ್ಯಾಸ ಸ್ವಲ್ಪ ಸೂಕ್ಷ್ಮ. ಸಾವು ಮತ್ತು ತೆರಿಗೆಗಳ ಪ್ರಸಿದ್ಧ ಮಾತು ಗೊತ್ತಿರಬಹುದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1789ರ ನವೆಂಬರಿನಲ್ಲಿ ಫ್ರಾನ್ಸಿನ ವಿಜ್ಞಾನಿ ಜಾನ್ ಬಾಪ್ಟಿಸ್ಟ್ ಲ ರುವಾ ಅವರಿಗೆ ಪತ್ರ ಬರೆದರು. ತಮ್ಮ ದೇಶದ ಹೊಸ ಸಂವಿಧಾನ ಬಾಳುವಂತೆ ಕಾಣುತ್ತಿದೆ, ಆದರೆ ಈ ಲೋಕದಲ್ಲಿ ಸಾವು ಮತ್ತು ತೆರಿಗೆ ಬಿಟ್ಟರೆ ಯಾವುದನ್ನೂ ಖಚಿತವೆನ್ನಲಾಗದು ಎಂದರು. ಫ್ರಾಂಕ್ಲಿನ್ ಬಳಸಿದ ಪದ ‘ಸರ್ಟನ್’. ಈಗಿನವರು ಉದ್ಧರಿಸುವಾಗ ಅದನ್ನು ‘ಇನೆವಿಟಬಲ್’ ಎಂದು ಬದಲಿಸಿಬಿಡುವುದುಂಟು. ಅರ್ಥ ಹತ್ತಿರ ಬಂದರೂ ಪತ್ರದ ಧಾಟಿ ಕೆಡುತ್ತದೆ. ಫ್ರಾಂಕ್ಲಿನ್ ಮಾತಾಡುತ್ತಿದ್ದದ್ದು ಭರವಸೆಯಿಂದ ಏನನ್ನು ಹೇಳಬಹುದು ಎಂಬ ಬಗ್ಗೆ. ‘ಸರ್ಟನ್’ ನಮ್ಮ ತಿಳಿವಳಿಕೆಗೆ ಅಂಟಿದ ಪದ, ಅದಕ್ಕೇ ‘ಐ ಆಮ್ ಸರ್ಟನ್’ ಎನ್ನಬಹುದು. ನಿನ್ನೆ ಮಳೆ ಬಂದದ್ದು ಖಚಿತ, ಹಾಗೆಂದು ಅದು ಇನೆವಿಟಬಲ್ ಆಗಿತ್ತು ಎನ್ನಲಾಗದು.

ಮುಂಚೆಯೇ ಗೊತ್ತಿರುವುದೆಲ್ಲ ಇನೆವಿಟಬಲ್ ಅಲ್ಲ ಎಂಬುದಕ್ಕೆ ಇನ್ನೊಂದು ಮುಖವಿದೆ. ಹ್ಯಾಲಿ ಧೂಮಕೇತು 1986ರಲ್ಲಿ ಬಂದುಹೋಯಿತು, 2061ರಲ್ಲಿ ಮತ್ತೆ ಬರುತ್ತದೆ. ಅದನ್ನು ತಡೆಯುವ ಶಕ್ತಿ ಯಾರಿಗೂ ಇಲ್ಲ. ಆದರೂ ಖಗೋಳ ಲೇಖನದಲ್ಲಿ ‘ದ ಕಾಮೆಟ್ಸ್ ರಿಟರ್ನ್ ಈಸ್ ಇನೆವಿಟಬಲ್’ ಎಂದು ಬಂದರೆ ಕಿವಿ ನಿಮಿರುತ್ತದೆ, ಏನೋ ಆಪತ್ತು ಬರಲಿದೆ ಎಂಬಂತೆ. ಕಾರಣ, ಈ ಪದ ಸಾಮಾನ್ಯವಾಗಿ ಬೇಡದ ಸಂಗತಿಗಳ ಪಕ್ಕ ಕೂತು ಕೂತು ಅವುಗಳ ಬಣ್ಣ ಹತ್ತಿಸಿಕೊಂಡಿದೆ. ಅದರ ಹಳೆಯ ಜೊತೆಗಾರರನ್ನು ನೋಡಿ: ಡಿಕ್ಲೈನ್, ಡಿಲೇ, ಕಾನ್ಫ್ಲಿಕ್ಟ್, ಕಾನ್ಸಿಕ್ವೆನ್ಸ್, ಡೆತ್. ಹಾಗಾಗಿ ಶುಭ ಹಾರೈಸುವಾಗ ‘ಯುವರ್ ಸಕ್ಸೆಸ್ ಈಸ್ ಇನೆವಿಟಬಲ್’ ಎಂದು ಬರೆದರೆ ತಪ್ಪೇನಲ್ಲ, ಆದರೆ ಜಾಹೀರಾತಿನ ಅಬ್ಬರ ಬರುತ್ತದೆ. ‘ಐ ಆಮ್ ಶ್ಯೂರ್ ಯು ವಿಲ್ ಸಕ್ಸೀಡ್’ ಎಂಬ ಸಾದಾ ಮಾತೇ ಮೇಲು.

ಆಗಿಹೋದ ಮೇಲೆ

ಆದದ್ದೆಲ್ಲ ಆಗಲೇಬೇಕಿತ್ತು ಎಂದು ತೋರುವುದು ಮನುಷ್ಯನ ಮನಸ್ಸಿನ ಚಾಳಿ. ಬಾರುಕ್ ಫಿಶ್‌ಹಾಫ್ ಎಂಬ ಮನೋವಿಜ್ಞಾನಿ 1975ರಲ್ಲಿ ಇದನ್ನು ಪ್ರಯೋಗಕ್ಕೆ ಒಡ್ಡಿದರು. 1814ರಲ್ಲಿ ಬ್ರಿಟಿಷರಿಗೂ ನೇಪಾಳದ ಗೂರ್ಖರಿಗೂ ನಡೆದ ಯುದ್ಧದ ವಿವರವನ್ನು ಜನರಿಗೆ ಓದಲು ಕೊಟ್ಟರು. ಬ್ರಿಟಿಷರು ಗೆದ್ದಿರಬಹುದು, ಗೂರ್ಖರು ಗೆದ್ದಿರಬಹುದು, ಯಾರೂ ಗೆಲ್ಲದೆ ಒಪ್ಪಂದವಾಗಿರಬಹುದು, ಒಪ್ಪಂದವೂ ಆಗದೆ ನಿಂತಿರಬಹುದು. ಕೆಲವರಿಗೆ ಫಲಿತಾಂಶ ಹೇಳಲಿಲ್ಲ. ಉಳಿದ ಒಂದೊಂದು ಗುಂಪಿಗೆ ಒಂದೊಂದು ಫಲಿತಾಂಶವನ್ನು ‘ನಿಜವಾಗಿ ಆದದ್ದು ಇದು’ ಎಂದು ಹೇಳಿದರು. ಆಮೇಲೆ, ಫಲಿತಾಂಶ ಗೊತ್ತಿಲ್ಲದಿದ್ದರೆ ಯಾವುದು ಎಷ್ಟು ಸಂಭವ ಎನ್ನುತ್ತಿದ್ದಿರಿ ಎಂದು ಕೇಳಿದರು. ಪ್ರತಿ ಗುಂಪಿಗೂ ತಾನು ಕೇಳಿದ ಫಲಿತಾಂಶವೇ ಮೊದಲಿನಿಂದಲೂ ಹೆಚ್ಚು ಸಂಭವವಿತ್ತು ಎನಿಸಿತ್ತು. ಓದಿದ ವಿವರ ಎಲ್ಲರಿಗೂ ಒಂದೇ.

ಇನೆವಿಟಬಲ್ ಪದವನ್ನು ಭೂತಕಾಲದಲ್ಲಿ ಬಳಸುವಾಗ ಇದು ನೆನಪಿರಬೇಕು. ‘ದ ವಾರ್ ವಾಸ್ ಇನೆವಿಟಬಲ್’ ಎಂಬುದು ದೊಡ್ಡ ಹೇಳಿಕೆ. ಬೇರೆ ಯಾವ ದಾರಿಯೂ ತೆರೆದಿರಲಿಲ್ಲ ಎಂದು ತೋರಿಸುವ ಹೊಣೆ ಬರೆದವನ ಮೇಲೆ ಬೀಳುತ್ತದೆ. ತೋರಿಸಲಾಗದಿದ್ದರೆ ‘ಲೈಕ್ಲಿ’, ‘ಪ್ರೆಡಿಕ್ಟಬಲ್’, ‘ಅನ್‌ಸರ್ಪ್ರೈಸಿಂಗ್’ ಇವೆಯಲ್ಲ. ‘ವಿತ್ ಹೈಂಡ್‌ಸೈಟ್ ಇಟ್ ಸೀಮ್ಸ್ ಇನೆವಿಟಬಲ್’ ಎಂದು ಬರೆದರೆ ಪ್ರಾಮಾಣಿಕವೂ ಹೌದು, ಇಂಗ್ಲಿಷೂ ಚೆನ್ನ. ಇನ್ನು ನೌಕರರನ್ನು ಕೆಲಸದಿಂದ ತೆಗೆಯುವಾಗ ಕಂಪನಿಗಳು ಹೊರಡಿಸುವ ಪ್ರಕಟಣೆಗಳಲ್ಲಿ ಈ ಪದ ಬಂದರೆ ಎರಡು ಸಲ ಓದುವುದು ಒಳ್ಳೆಯದು. ‘ಜಾಬ್ ಕಟ್ಸ್ ಬಿಕೇಮ್ ಇನೆವಿಟಬಲ್’ ಎಂಬಲ್ಲಿ ಕತ್ತರಿ ಹಿಡಿದವರ ಹೆಸರಿಲ್ಲ. ಮಳೆಯೋ ಬಿಸಿಲೋ ಬಂದಂತೆ ಕೆಲಸ ಹೋಗಿರುತ್ತದೆ.

‘ದ’ ಸೇರಿಸಿ ‘ದ ಇನೆವಿಟಬಲ್’ ಎಂದರೆ ಅದೇ ನಾಮಪದವಾಗುತ್ತದೆ. ಏನು ಎಂದು ಹೆಸರು ಹೇಳಬೇಕಿಲ್ಲ, ಸಂದರ್ಭ ಹೇಳುತ್ತದೆ. ‘ಅಕ್ಸೆಪ್ಟ್ ದ ಇನೆವಿಟಬಲ್’, ‘ಡಿಲೇ ದ ಇನೆವಿಟಬಲ್’, ‘ಬೌ ಟು ದ ಇನೆವಿಟಬಲ್’ ಇವು ಸವೆದು ನುಣುಪಾದ ನುಡಿಗಟ್ಟುಗಳು. ಸಾವನ್ನು ನೇರವಾಗಿ ಹೇಳಲು ಹಿಂಜರಿಯುವಾಗಲೂ ಇದೇ ನೆರವಿಗೆ ಬರುತ್ತದೆ. ಇದಕ್ಕೆ ಬಹುವಚನ ಮಾಡಲು ಹೋಗಬೇಡಿ. ‘ಇನೆವಿಟಬಿಲಿಟಿ’ ಬೇರೆ, ಅದು ಅನಿವಾರ್ಯತೆ ಎಂಬ ಗುಣ.

ನಿಘಂಟಿನಲ್ಲಿ ಕೆಳಗೆಲ್ಲೋ ಸಣ್ಣದಾಗಿ ಕೊಟ್ಟಿರುವ ಒಂದು ಅರ್ಥ ತಮಾಷೆಯದು. ‘ಎ ಟೂರಿಸ್ಟ್ ವಿತ್ ಹಿಸ್ ಇನೆವಿಟಬಲ್ ಕ್ಯಾಮೆರಾ’ ಎಂಬಲ್ಲಿ ಯಾವ ವಿಧಿಲಿಖಿತವೂ ಇಲ್ಲ. ಪ್ರವಾಸಿ ಎಂದಮೇಲೆ ಕೊರಳಲ್ಲಿ ಕ್ಯಾಮೆರಾ ಇದ್ದೇ ಇರುತ್ತದಲ್ಲ, ಅಷ್ಟೇ. ಈ ಅರ್ಥದಲ್ಲಿ ಪದ ನಾಮಪದದ ಹಿಂದೆಯೇ ಬರಬೇಕು, ಅದಕ್ಕೂ ಹಿಂದೆ ‘ದ’ ಅಥವಾ ‘ಹಿಸ್’, ‘ಹರ್’ ಇರಬೇಕು. ‘ಹಿಸ್ ಕ್ಯಾಮೆರಾ ಈಸ್ ಇನೆವಿಟಬಲ್’ ಎಂದು ತಿರುಗಿಸಿದರೆ ನಗು ಹೋಗಿ ಗೊಂದಲ ಉಳಿಯುತ್ತದೆ.

ಕಥೆ, ನಾಟಕ, ಸಂಗೀತದ ವಿಮರ್ಶೆಯಲ್ಲಿ ಮಾತ್ರ ಈ ಪದ ತನ್ನ ಕಪ್ಪು ಬಣ್ಣವನ್ನೆಲ್ಲ ಕಳಚಿ ಹೊಗಳಿಕೆಯಾಗಿಬಿಡುತ್ತದೆ. ‘ದ ಎಂಡಿಂಗ್ ಫೆಲ್ಟ್ ಇನೆವಿಟಬಲ್’ ಎಂದರೆ ಮೆಚ್ಚುಗೆ. ‘ದ ಎಂಡಿಂಗ್ ವಾಸ್ ಪ್ರೆಡಿಕ್ಟಬಲ್’ ಎಂದರೆ ಬೈಗುಳ. ಊಹಿಸಲು ಸಾಧ್ಯವಾಗಿದ್ದು ಎರಡನೆಯದು. ಮೊದಲನೆಯದನ್ನು ಊಹಿಸಿರಲಿಲ್ಲ, ಆದರೆ ಬಂದಮೇಲೆ ಹಿಂತಿರುಗಿ ನೋಡಿದರೆ ಪ್ರತಿ ಹೆಜ್ಜೆಯೂ ಅತ್ತಲೇ ಸಾಗಿದ್ದು ಕಾಣುತ್ತದೆ. ದುರಂತ ನಾಟಕದ ಘಟನೆಗಳು ಅನಿರೀಕ್ಷಿತವಾಗಿ ಬಂದರೂ ಒಂದರಿಂದ ಒಂದು ಹುಟ್ಟಿದಂತಿದ್ದರೆ ಅವುಗಳ ಪರಿಣಾಮ ಹೆಚ್ಚು ಎಂದು ಅರಿಸ್ಟಾಟಲ್ ಹೇಳಿದ್ದೂ ಇದನ್ನೇ. ಇಂಥ ವಿಮರ್ಶೆಯನ್ನು ಕನ್ನಡಕ್ಕೆ ತರುವಾಗ ‘ಅಂತ್ಯ ಅನಿವಾರ್ಯವಾಗಿತ್ತು’ ಎಂದು ಬರೆದರೆ ಲೇಖಕ ಒಲ್ಲದ ಮನಸ್ಸಿನಿಂದ ಹಾಗೆ ಮುಗಿಸಿದಂತೆ ತೋರುತ್ತದೆ. ‘ಇದು ಬೇರೆ ಹೇಗೂ ಮುಗಿಯುವಂತಿರಲಿಲ್ಲ’ ಎಂದು ಬರೆಯಿರಿ.